ಮೂರು ಪಿಸ್ತೂಲು, ಒಂದು ಹೇರ್ ಡ್ರೈಯರು

ಒಂದು ಕಾಲದಲ್ಲಿ ನಾನು ಮೂರು ಪಿಸ್ತೂಲುಗಳ ಯಜಮಾನನಾಗಿದ್ದೆ ಎಂದರೆ ಈಗ ನನ್ನನ್ನು ಬಲ್ಲವರು ನಂಬುವುದಿಲ್ಲ. ಜಿರಳೆ ಹೊಡೆಯುವುದಕ್ಕೂ ಹೆಂಡತಿಯನ್ನು ಕೂಗುವ ಪ್ರಾಣಿ ನಾನು. ಆದರೂ ಇದ್ದವು. ಮೂರೂ ಸೆಮಿ ಆಟೊಮ್ಯಾಟಿಕ್. ಅಂದರೆ ಒಂದು ಗುಂಡು ಹಾರಿದ ಕೂಡಲೆ ಖಾಲಿ ತೋಟಾವನ್ನು ತಾನೇ ಹೊರಗೆಸೆದು, ಮುಂದಿನದನ್ನು ತಾನೇ ಒಳಗೆಳೆದುಕೊಂಡು, ಮತ್ತೇನಪ್ಪಣೆ ಎಂದು ಕಾಯುವ ಜಾತಿಯವು. ಮೂರರಲ್ಲಿ ಯಾವುದು ಮೇಲು ಎಂಬ ವಿಷಯದಲ್ಲಿ ಅಮೆರಿಕದ ಸನ್ನಿವೇಲ್‌ನ ನಮ್ಮ ಕನ್ನಡ ಬಳಗಕ್ಕೆ ನಾನೇ ಆಸ್ಥಾನ ವಿದ್ವಾಂಸ. ಆ ಪದವಿಗೆ ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ ಎನ್ನುವುದೂ ಒಂದು ಕಾರಣ. ಅಂದಿನ ತೀರ್ಪನ್ನು ಈಗ ಬರೆದಿಡುತ್ತಿದ್ದೇನೆ. ಆದರೆ ತೀರ್ಪು ಹೇಳಬೇಕಾದರೆ ಒಬ್ಬ ಹಿರಿಯರಿಗೆ ನಾನು ಮಾಡಿದ್ದನ್ನೂ ಹೇಳಬೇಕಾಗುತ್ತದೆ. ಅದರಲ್ಲಿ ಅರ್ಧವನ್ನು ಮಾತ್ರ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ.

ಎಂಬತ್ತರ ದಶಕದ ನಡುವಿನ ಮಾತು. ನಾನೊಂದು ಚಿಪ್ ಕಾರ್ಖಾನೆಯಲ್ಲಿ ಗುಣಪರೀಕ್ಷೆಯ ಎಂಜಿನಿಯರು. ಒಂದೇ ಥರದ ವಸ್ತುಗಳನ್ನು ಸಾಲಾಗಿಟ್ಟು ಯಾವುದು ಯಾವುದಕ್ಕಿಂತ ಎಷ್ಟು ಕಡಿಮೆ ಎಂದು ಬರೆಯುವುದೇ ನನ್ನ ಅನ್ನ. ಆ ಚಟ ಮನೆಗೂ ಬಂತು. ಕಾಫಿಪುಡಿಗೆ ಅಂಕ, ಕುಕ್ಕರಿಗೆ ಅಂಕ, ಟೈರಿಗೆ ಅಂಕ. ಎಲ್ಲಕ್ಕೂ ಒಂದು ಹಸಿರು ರಟ್ಟಿನ ನೋಟ್‌ಬುಕ್ಕು. ಹೆಂಡತಿ ಒಮ್ಮೆ, "ನನಗೆಷ್ಟು ಹಾಕಿದೀರಿ?" ಎಂದಳು. "ಹೋಲಿಸೋಕೆ ಇನ್ನೊಂದು ಇಲ್ವಲ್ಲ" ಎಂದೆ. ಅವತ್ತು ರಾತ್ರಿ ನನಗೆ ಬಡಿಸಿದ್ದು ಬರೀ ಮೊಸರನ್ನ.

ಪಿಸ್ತೂಲು ಬಂದದ್ದು ಒಂದು ಸುದ್ದಿಯಿಂದ. ನಮ್ಮವರ ಮನೆಗಳಲ್ಲಿ ಬಂಗಾರವಿರುತ್ತದೆಂದು ಕಳ್ಳರಿಗೆ ತಿಳಿದುಹೋಗಿದೆ, ಹಗಲೇ ಬಂದು ದೋಚುತ್ತಾರೆ ಎಂದು ಯಾರೋ, ಎಲ್ಲರೂ ಒಂದೊಂದು ಅಡಿಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್ಕಿನಲ್ಲಿ ಹೇಳಿದರು. ಯಾರ ಮನೆ, ಯಾವಾಗ ಎಂದು ಕೇಳಿದರೆ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಭಯ ಹೆಚ್ಚಾಯಿತು. ಮನೆ ಕಾಯುವುದು ಗೃಹಸ್ಥನ ಧರ್ಮವೆಂದು ನಾನು ಅಲ್ಲೇ ಒಂದು ಸಣ್ಣ ಭಾಷಣ ಮಾಡಿದೆ. ಬೆಂಗಳೂರಿನ ಒಬ್ಬ ಹುಡುಗಾಟದ ಎಂಜಿನಿಯರು, "ಸಾರ್, ನಿಮ್ಮನೇಲಿ ಕದಿಯೋಕೆ ಏನಿದೆ, ಇಡ್ಲಿ ಸ್ಟ್ಯಾಂಡಾ?" ಎಂದ. ಎಲ್ಲರೂ ನಕ್ಕರು. ಅವನು ಹೇಳಿದ್ದು ಸರಿಯೇ. ಹೆಂಡತಿಯ ಒಡವೆ ಬ್ಯಾಂಕಿನ ಲಾಕರಿನಲ್ಲಿ ತಣ್ಣಗೆ ಮಲಗಿತ್ತು. ಆದರೆ ಎಲ್ಲರೂ ನಕ್ಕ ಮೇಲೆ ಹಿಂದೆಗೆಯುವುದುಂಟೆ? ಮರುವಾರವೇ ಅಂಗಡಿಗೆ ಹೋದೆ. ಕಾನೂನಿನ ಪ್ರಕಾರ ಹದಿನೈದು ದಿನ ಕಾಯಬೇಕಿತ್ತು. ಆ ಹದಿನೈದು ದಿನ ನಾನು ನಿಶ್ಚಿತಾರ್ಥವಾದ ವರನ ಹಾಗೆ ಸುಮ್ಮಸುಮ್ಮನೆ ಕನ್ನಡಿ ನೋಡಿಕೊಂಡು ಓಡಾಡಿದೆ.

ಮೊದಲು ಬಂದದ್ದು ಅಮೆರಿಕದ ನಲವತ್ತೈದು, ಗುಂಡಿನ ಅಳತೆಯೇ ಹೆಸರು. ಕರಿಯ ಉಕ್ಕು, ಕಂದು ಮರದ ಹಿಡಿ. ಎತ್ತಿದರೆ ಒರಳಿನ ಗುಂಡು ಎತ್ತಿದ ಹಾಗೆ. ಗಿಲ್‌ರಾಯ್ ಆಚೆಯ ಗುಡ್ಡದಲ್ಲಿ ಗುರಿ ಹೊಡೆಯುವ ಮೈದಾನವೊಂದಿತ್ತು. ಕಾರಿನ ಗಾಜು ಏರಿಸಿದರೂ ಒಳಗೆ ಬರುವ ಆ ಊರಿನ ಬೆಳ್ಳುಳ್ಳಿ ಹೊಲಗಳ ವಾಸನೆಯ ನಡುವೆ ಅಲ್ಲಿಗೆ ಹೋಗಿ ಶನಿವಾರಗಳನ್ನು ಕಳೆದೆ. ನಲವತ್ತೈದು ಹಾರಿದರೆ ಭುಜದ ಮೇಲೆ ಸೋದರಮಾವ ಹೊಡೆದ ಹಾಗೆ: ಪ್ರೀತಿಯೇ, ಆದರೆ ನೋವು. ಮೊದಲನೆಯ ದಿನ ಖಾಲಿ ತೋಟಾ ಹಾರಿ ಬಂದು ಅಂಗಿಯ ಕೊರಳಪಟ್ಟಿಯೊಳಗೆ ಬಿತ್ತು. ಕಾದ ಹಿತ್ತಾಳೆ ಜನಿವಾರದ ಪಕ್ಕ ಕೂತು ಸುಟ್ಟಿತು. ಪಿಸ್ತೂಲು ಕೈಯಲ್ಲಿ ಹಿಡಿದುಕೊಂಡೇ ಕುಣಿದ ನನ್ನನ್ನು ಮೈದಾನದ ಮೇಲ್ವಿಚಾರಕ ಮಾತಿಲ್ಲದೆ ಹಿಂದಿನಿಂದ ಅಪ್ಪಿ ಹಿಡಿದು ನಿಲ್ಲಿಸಿದ. ಮೂಗು ಚಪ್ಪಟೆಯಾದ ಹೊಸ ಮಾದರಿಯ ಗುಂಡು ಹಾಕಿದರೆ ಅದಕ್ಕೆ ಅಜೀರ್ಣ; ಐದರಲ್ಲಿ ಒಂದು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಹಳೆಯ ದುಂಡುಮೂಗಿನ ಗುಂಡಿಗೆ ಮಾತ್ರ ನಿಷ್ಠೆ. ಆದರೆ ಟ್ರಿಗರು ಎಂದರೆ ಅದರದ್ದೇ. ಚಿಕ್ಕದು, ಸ್ಪಷ್ಟ, ಪೆನ್ಸಿಲ್ ಮೊನೆ ಮುರಿದ ಹಾಗೆ.

ಎರಡನೆಯದು ಜರ್ಮನಿಯ ಪುಟ್ಟದು. ಕೋಟಿನ ಜೇಬಿನಲ್ಲಿ ಹಿಡಿಸುವಂಥದು. ನೋಡುವುದಕ್ಕೆ ಆಭರಣ, ಗುಣದಲ್ಲಿ ನಾದಿನಿ: ಹತ್ತಿರ ಹೋದರೆ ಕಚ್ಚುತ್ತದೆ. ಗುಂಡು ಹಾರಿದಾಗ ಮೇಲಿನ ಉಕ್ಕಿನ ಜಾರುಪಟ್ಟಿ ಹಿಂದೆ ಬಂದು, ಹೆಬ್ಬೆರಳು ತೋರುಬೆರಳಿನ ನಡುವಿನ ಚರ್ಮವನ್ನು ಎರಡು ಗೆರೆಯಾಗಿ ಕೀಳುತ್ತಿತ್ತು. ಆಫೀಸಿನಲ್ಲಿ ಕೇಳಿದವರಿಗೆ ಬೆಕ್ಕು ಎಂದೆ. ನಮ್ಮಲ್ಲಿ ಬೆಕ್ಕಿರಲಿಲ್ಲ. ಹೀಗೆ ಸುಳ್ಳಿನ ಅಭ್ಯಾಸ ಸಣ್ಣದರಿಂದ ಶುರುವಾಯಿತು.

ಮೂರನೆಯದು ಇಟಲಿಯದು, ಒಂಬತ್ತು ಮಿಲಿಮೀಟರು. ಹೊಟ್ಟೆಯಲ್ಲಿ ಹದಿನೈದು ಗುಂಡು. ಸೈನ್ಯದವರೂ ಅದನ್ನೇ ಆರಿಸಿಕೊಂಡಿದ್ದಾರೆಂದು ಅಂಗಡಿಯವನು ಹೇಳಿದ. ನನ್ನ ಮೈಸೂರಿನ ಕೈಗೆ ಅದರ ಹಿಡಿ ಸ್ವಲ್ಪ ದಪ್ಪ. ಮೊದಲ ಗುಂಡಿಗೆ ಟ್ರಿಗರನ್ನು ಬಾವಿಯಿಂದ ಕೊಡ ಸೇದಿದ ಹಾಗೆ ಉದ್ದಕ್ಕೆ ಎಳೆಯಬೇಕು, ಎರಡನೆಯದರಿಂದ ಹಗುರ. ಹಾಗಾಗಿ ಮೊದಲನೆಯದು ಒಂದು ಕಡೆ, ಉಳಿದವು ಇನ್ನೊಂದು ಕಡೆ. ಆದರೆ ಎಂಥ ಗುಂಡು ಹಾಕಿದರೂ ತಿನ್ನುತ್ತದೆ, ಒಮ್ಮೆಯೂ ಕೆಮ್ಮುವುದಿಲ್ಲ, ಮಳೆಗೂ ಧೂಳಿಗೂ ಗೊಣಗುವುದಿಲ್ಲ. ಸಾವಿರ ಗುಂಡು ಹಾರಿಸಿದೆ, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಇಂಥ ಅಳಿಯ ಯಾರಿಗಾದರೂ ಸಿಗಲಿ.

ಒಂದು ದೋಷ ಮಾತ್ರ ನಾನು ಕ್ಷಮಿಸಲಿಲ್ಲ. ಗುಂಡು ಹಾರದಂತೆ ತಡೆಯುವ ಸೇಫ್ಟಿಯ ಚಿಲಕ ಎಲ್ಲದರಲ್ಲೂ ಹೆಬ್ಬೆರಳಿಗೆ ಸಿಗುವಲ್ಲೇ ಇರುತ್ತದೆ. ನಲವತ್ತೈದರಲ್ಲಿ ಅದನ್ನು ಕೆಳಗೆ ಒತ್ತಿದರೆ ಪಿಸ್ತೂಲು ಸಿದ್ಧ. ಇಟಲಿಯದರಲ್ಲಿ ಕೆಳಗೆ ಒತ್ತಿದರೆ ಬಂದ್. ಮೇಲೆ ಎತ್ತಿದರೆ ಸಿದ್ಧ. ಪೂರ್ತಿ ತಲೆಕೆಳಗು. ನನ್ನ ಹೆಬ್ಬೆರಳಿಗೆ ನಲವತ್ತೈದೇ ಮಾತೃಭಾಷೆ. ಎರಡು ವರ್ಷ ಅದರಲ್ಲೇ ಅಕ್ಷರ ತಿದ್ದಿತ್ತು. "ಚಿಲಕ ಅವೈಜ್ಞಾನಿಕ. ನಾಲ್ಕು ಅಂಕ ಕಡಿತ" ಎಂದು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ.

ಮೂರೂ ಬಂದ ಮೇಲೆ ಯಾವುದನ್ನು ಕಾವಲಿಗಿಡುವುದೆಂಬ ಪ್ರಶ್ನೆ ಬಂತು. ಬುದ್ಧಿಯಿರುವವನು ಒಂದನ್ನು ಆರಿಸಿ, ಅದನ್ನೇ ಅಭ್ಯಾಸ ಮಾಡುತ್ತಾನೆ. ನಾನು ದೇವಸ್ಥಾನದ ಅರ್ಚಕರ ಹಾಗೆ ಸರದಿ ಹಚ್ಚಿದೆ. ನಮ್ಮ ಅಜ್ಜನ ಮನೆತನದಲ್ಲಿ ಮೂರು ಕವಲಿನವರು ತಿಂಗಳು ತಿಂಗಳು ಪೂಜೆಯ ಸರದಿ ಹಂಚಿಕೊಂಡಿದ್ದರು, ಯಾರಿಗೂ ಅಸಮಾಧಾನವಿಲ್ಲ. ಅದೇ ನ್ಯಾಯ ಇಲ್ಲೂ. ವಾರಕ್ಕೊಂದರಂತೆ ಒಂದು ಪಿಸ್ತೂಲು ತುಂಬಿಸಿ ಹಾಸಿಗೆ ಪಕ್ಕದ ಡ್ರಾಯರಿನಲ್ಲಿ. ಉಳಿದೆರಡು ಬೀಗದ ಪೆಟ್ಟಿಗೆಯಲ್ಲಿ. ಪ್ರತಿ ಭಾನುವಾರ ಅಧಿಕಾರ ಹಸ್ತಾಂತರ. ಹೆಂಡತಿ ಅವುಗಳನ್ನು "ನಿಮ್ಮ ಮೂರು ಜನ" ಎನ್ನುತ್ತಿದ್ದಳು. "ಈ ವಾರ ಯಾರಿದಾರೆ? ಆ ಕಚ್ಚೋದಾ?" ಎಂದು ಕೇಳಿ ಆ ಡ್ರಾಯರಿನ ಕಡೆ ತಿರುಗಿಯೂ ನೋಡದೆ ಮಲಗುತ್ತಿದ್ದಳು. ಕೂಡುವ ಸಮಾರಂಭಗಳಲ್ಲಿ ನಾನು ಈ ಸರದಿ ಪದ್ಧತಿಯನ್ನು ವಿವರಿಸಿದರೆ ಜನ ತಲೆದೂಗುತ್ತಿದ್ದರು. ತಲೆದೂಗಿದ್ದು ಒಪ್ಪಿಗೆಗೋ, ಊಟ ಯಾವಾಗ ಎಂಬ ಯೋಚನೆಗೋ ತಿಳಿಯದು.

ಇನ್ನು ಆ ಹಿರಿಯರ ವಿಷಯ. ನಮ್ಮ ಪಕ್ಕದ ಕಟ್ಟಡದಲ್ಲಿ ಉಡುಪಿ ಕಡೆಯ ಒಬ್ಬ ಎಂಜಿನಿಯರೂ ಅವನ ಹೆಂಡತಿಯೂ ಇದ್ದರು. ಅವನ ತಂದೆ ಆರು ತಿಂಗಳಿಗೆಂದು ಬಂದಿದ್ದರು. ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರು. ಹಾಗೆಂದೇ ನಾವೆಲ್ಲ ಕರೆಯುತ್ತಿದ್ದೆವು. ಎಪ್ಪತ್ತು ದಾಟಿತ್ತು, ಬಲಗಿವಿ ಸ್ವಲ್ಪ ಮಂದ, ಉಳಿದದ್ದೆಲ್ಲ ಚುರುಕು. ಬೆಳಿಗ್ಗೆ ಆರೂವರೆಗೆ ಪಂಚೆ ಉಟ್ಟು, ಮೇಲೆ ಮಗನ ಬೂದುಬಣ್ಣದ ಮುಸುಕಿನ ಜಾಕೆಟ್ಟು ಹಾಕಿ, ರೈಲು ಸ್ಟೇಷನ್ನಿನವರೆಗೆ ಒಬ್ಬರೇ ನಡೆದು ಬರುತ್ತಿದ್ದರು. ಕಾರಿಲ್ಲದ ಮುದುಕರಿಗೆ ಈ ದೇಶದಲ್ಲಿ ಅದೊಂದೇ ಸ್ವಾತಂತ್ರ್ಯ. ಪ್ಲಾಟ್‌ಫಾರಮ್ಮಿನಲ್ಲಿ ಯಾವ ರೈಲು ಎಷ್ಟು ನಿಮಿಷ ತಡ ಎಂದು ನೋಡಿಕೊಂಡು ಬಂದು ನಮಗೆ ವರದಿ ಒಪ್ಪಿಸುತ್ತಿದ್ದರು. "ನಿಮ್ಮ ಅಮೆರಿಕದ ರೈಲೂ ನಾಲ್ಕು ನಿಮಿಷ ಲೇಟು ಮಾರಾಯ್ರೆ. ಸುಮ್ಮನೆ ಹೆದರಿದ್ದೆ ನಾನು" ಎಂದು ಒಮ್ಮೆ ಸಂತೋಷಪಟ್ಟರು.

ನಮ್ಮ ಕಾಂಪ್ಲೆಕ್ಸಿನಲ್ಲಿ ಎಲ್ಲ ಕಟ್ಟಡವೂ ಒಂದೇ, ಎಲ್ಲ ಬಾಗಿಲೂ ಒಂದೇ ಮಣ್ಣುಬಣ್ಣ, ಒಳಗಿನ ನಕ್ಷೆಯೂ ಒಂದೇ. ಕತ್ತಲಲ್ಲಿ ಪಕ್ಕದವರ ಮನೆಯಲ್ಲಿ ಬಿಟ್ಟರೂ ನೆಟ್ಟಗೆ ಬಚ್ಚಲಿಗೆ ಹೋಗಬಹುದು. "ತೋರಣ ಇರೋ ಬಾಗಿಲು ನಮ್ಮದು ಮಾವ" ಎಂದು ಸೊಸೆ ಗುರುತು ಹೇಳಿಕೊಟ್ಟಿದ್ದಳು. ಆ ಪ್ಲಾಸ್ಟಿಕ್ ಮಾವಿನೆಲೆಯ ತೋರಣವನ್ನು ಅವಳಿಗೆ ಕೊಟ್ಟವಳು ನನ್ನ ಹೆಂಡತಿಯೇ. ಮೈಸೂರಿನಿಂದ ಎರಡು ತಂದಿದ್ದಳು. ಎರಡನೆಯದು ಪೆಟ್ಟಿಗೆಯಲ್ಲೇ ಇತ್ತು. ಆ ಶುಕ್ರವಾರ ನೆನಪಾಗಿ ನಮ್ಮ ಬಾಗಿಲಿಗೂ ಕಟ್ಟಿದಳು.

ಮರುದಿನ ಶನಿವಾರ, ಬೆಳಿಗ್ಗೆ ಏಳೂವರೆ. ನಾನು ಸ್ನಾನ ಮಾಡುತ್ತಿದ್ದೆ. ಹೆಂಡತಿ ಬಟ್ಟೆ ಬುಟ್ಟಿ ಎತ್ತಿಕೊಂಡು ಕಾಂಪ್ಲೆಕ್ಸಿನ ಲಾಂಡ್ರಿ ಕೋಣೆಗೆ ಹೋದಳು. ಎರಡು ನಿಮಿಷದ ಕೆಲಸವೆಂದು ಬಾಗಿಲು ಬರೀ ಎಳೆದುಕೊಂಡು ಹೋದಳು. ಅವಳು ಹೋಗುತ್ತೇನೆಂದು ಕೂಗಿದ್ದು ನನಗೆ ಕೇಳಿತ್ತು. ನೀರು ನಿಲ್ಲಿಸಿದಾಗ ಅಡಿಗೆಮನೆಯಲ್ಲಿ ಕಪಾಟು ತೆಗೆಯುವ ಸದ್ದು, ಪಾತ್ರೆಯ ಸದ್ದು. "ಬಂದ್ಯೇನೇ?" ಎಂದೆ. ಉತ್ತರವಿಲ್ಲ. ಇನ್ನೊಮ್ಮೆ ಕೂಗಿದೆ. ಇಲ್ಲ.

ಟವೆಲ್ಲು ಸುತ್ತಿಕೊಂಡು ಮಲಗುವ ಕೋಣೆಗೆ ಹೋಗಿ ಡ್ರಾಯರು ಎಳೆದೆ. ಆ ವಾರ ಇಟಲಿಯವನ ಸರದಿ. ಕೊಳವೆಯಲ್ಲಿ ಗುಂಡಿತ್ತು, ಚಿಲಕ ಮೇಲಿತ್ತು, ಅಂದರೆ ಸಿದ್ಧ; ನಾನೇ ಭಾನುವಾರ ಹಾಗೆ ಇಟ್ಟಿದ್ದೆ. ಏನೂ ಮುಟ್ಟಬೇಕಾದ್ದಿರಲಿಲ್ಲ, ಎಳೆದರೆ ಸಾಕು.

ಅಡಿಗೆಮನೆಯ ಗಿಡ್ಡ ಗೋಡೆಯಾಚೆ ಒಬ್ಬ ನಿಂತಿದ್ದ. ಸೊಂಟದಿಂದ ಮೇಲೆ ಮಾತ್ರ ಕಾಣುತ್ತಿತ್ತು: ಬೂದುಬಣ್ಣದ ಜಾಕೆಟ್ಟು, ತಲೆ ಮೇಲೆ ಮುಸುಕು, ನನಗೆ ಬೆನ್ನು. ಪಾತ್ರೆಯ ಕಪಾಟಿಗೆ ಕೈ ಹಾಕಿದ್ದ. ನಾನು ಇಂಗ್ಲಿಷಿನಲ್ಲಿ, ಟೀವಿಯಲ್ಲಿ ಕೇಳಿದ ಹಾಗೆ, ಅಲ್ಲಾಡಬೇಡ ಎಂದು ಅರಚಿದೆ. ಅವನು ಅಲ್ಲಾಡಿದ. ಬಲಗೈ ಕಪಾಟಿನಿಂದ ಹೊರಗೆ ಬಂತು. ಅದರಲ್ಲಿ ಏನೋ ಹೊಳೆಯಿತು. ನನ್ನ ಹೆಬ್ಬೆರಳು ತನ್ನ ಪಾಡಿಗೆ ತಾನು ಚಿಲಕವನ್ನು ಕೆಳಗೆ ಒತ್ತಿತು. ತೋರುಬೆರಳು ಟ್ರಿಗರು ಎಳೆಯಿತು.

ಎಳೆಯಿತು ಎಂದು ಬರೆದು ಬೆರಳಿನ ಮೇಲೆ ಹಾಕುತ್ತಿದ್ದೇನೆ. ನಾನು ಎಳೆದೆ.

ಏನೂ ಆಗಲಿಲ್ಲ. ಟ್ರಿಗರು ಹಳೆಯ ನಲ್ಲಿಯ ತಿರುಪಿನ ಹಾಗೆ ಸಡಿಲವಾಗಿ ಹಿಂದೆ ಬಂದು ಹಾಗೆಯೇ ನಿಂತಿತು. ಬಂದ್ ಆಗಿತ್ತು. ನಾಲ್ಕು ಅಂಕ ಕಳೆದಿದ್ದ ಆ ತಲೆಕೆಳಗು ಚಿಲಕ.

ಅವನು ತಿರುಗಿದ; ಶಿರಸ್ತೇದಾರರು. ಕೈಯಲ್ಲಿ ನಮ್ಮ ಸ್ಟೀಲಿನ ಚೊಂಬು. ವಾಕಿಂಗಿನಿಂದ ಬಂದವರು ಒಂದು ಚೊಂಬು ನೀರು ಕುಡಿಯುವುದು ಅವರ ಪದ್ಧತಿಯಂತೆ. ಮುಸುಕಿನ ಕೆಳಗೆ ಕಿವಿಗೆ ಸುತ್ತಿದ ಮಫ್ಲರು. ಒದ್ದೆ ಮೈಯ ನನ್ನನ್ನು ನೋಡಿ, ತಮ್ಮ ಮನೆಯಲ್ಲಿ ನಿಂತ ಧೈರ್ಯದಿಂದಲೇ ಕೇಳಿದರು:

"ಎಂತ ಇದು? ನೀವು ನಮ್ಮ ಬಚ್ಚಲಲ್ಲಿ ಎಂತ ಮಾಡ್ತಿದ್ರಿ?"

ಆಮೇಲೆ ಅವರ ಕಣ್ಣು ನನ್ನ ಕೈಗೆ ಇಳಿಯಿತು. ಚೊಂಬು ಬಿತ್ತು. ಅವರು ಕಪಾಟಿಗೆ ಒರಗಿಕೊಂಡು ನಿಧಾನವಾಗಿ, ಯಾರೋ ಭುಜ ಹಿಡಿದು ಕೂರಿಸಿದ ಹಾಗೆ, ನೆಲದ ಮೇಲೆ ಕೂತರು. ಪಂಚೆ ಒದ್ದೆಯಾಯಿತು. ಚೊಂಬಿನ ನೀರಿನಿಂದ ಎಂದು ನಾನು ಎಲ್ಲರಿಗೂ ಹೇಳಿದೆ. ಚೊಂಬಿಗೆ ಇನ್ನೂ ನೀರು ಹಿಡಿದಿರಲಿಲ್ಲ.

ಹೊರಗೆ ಹೆಂಡತಿಯ ಹೆಜ್ಜೆ ಕೇಳಿಸಿತು. ಒಬ್ಬ ಮುದುಕರು ನಡುಗುತ್ತ ನೆಲದ ಮೇಲಿರುವಾಗ ಮನುಷ್ಯನಾದವನು ಮೊದಲು ಏನು ಮಾಡಬೇಕು? ನಾನು ಮೊದಲು ಮಾಡಿದ್ದು ಅಕ್ಕಿ ಡಬ್ಬದ ಮುಚ್ಚಳ ತೆಗೆದು ಪಿಸ್ತೂಲನ್ನು ಅದರೊಳಗೆ ಹೂತದ್ದು. ಆಮೇಲೆ ಅವರನ್ನು ಎಬ್ಬಿಸಿದೆ.

ಹೆಂಡತಿ ಕೂಗಿ ಕರೆದದ್ದಕ್ಕೆ ಪಕ್ಕದ ಕಟ್ಟಡದಿಂದ ಅವರ ಮಗ ಓಡಿ ಬಂದ. "ಎಂತ ಆಯ್ತು ಅಪ್ಪ?"

"ಇವರ ಕೈಯಲ್ಲಿ ಪಿಸ್ತೂಲು ಇತ್ತು" ಎಂದರು ಶಿರಸ್ತೇದಾರರು. ದನಿ ನಡುಗುತ್ತಿತ್ತು, ಮಾತು ನಡುಗಲಿಲ್ಲ. "ಕರಿ ಬಣ್ಣದ್ದು. ನನಗೇ ತೋರಿಸಿದ್ದು."

ಮಗ ನನ್ನ ಕಡೆ ನೋಡಿದ. ಒದ್ದೆ ತಲೆ, ಟವೆಲ್ಲು, ಖಾಲಿ ಕೈ. ನನ್ನ ಬಾಯಿಂದ ಬಂದ ಮಾತಿಗೆ ಅರ್ಧ ಕ್ಷಣದ ಯೋಚನೆಯೂ ಇರಲಿಲ್ಲ.

"ಹೇರ್ ಡ್ರೈಯರು ಕಣ್ರೀ. ಸ್ನಾನ ಮಾಡಿ ಬಂದಿದ್ದೆ. ಪಾಪ, ಗಾಬರಿ ಆಗ್ಬಿಟ್ರು."

ಮಗ ಮೊದಲು ನಕ್ಕ, ಸಮಾಧಾನದ ನಗು. ಆಮೇಲೆ ನಗು ನಿಂತಿತು. ತಂದೆಯ ಮುಖವನ್ನು ಬೇರೆ ಥರ ನೋಡಿದ. ಬೇರೆಯವರ ಮನೆಗೆ ನುಗ್ಗಿದ್ದಾರೆ, ಕೂದಲು ಒಣಗಿಸುವ ಯಂತ್ರ ಕಂಡು ಪಿಸ್ತೂಲು ಎನ್ನುತ್ತಿದ್ದಾರೆ. "ಬನ್ನಿ ಅಪ್ಪ, ಮನೆಗೆ ಹೋಗುವ" ಎಂದು ಮಗುವನ್ನು ಹಿಡಿದ ಹಾಗೆ ತೋಳು ಹಿಡಿದು ಕರೆದುಕೊಂಡು ಹೋದ. ಶಿರಸ್ತೇದಾರರು ಬಾಗಿಲಲ್ಲಿ ಒಮ್ಮೆ ತಿರುಗಿ ನನ್ನನ್ನು ನೋಡಿದರು. ಬೈಗುಳವಿರಲಿಲ್ಲ. ಬೇಕಾದ ಕಾಗದವನ್ನು ಎಲ್ಲಿಟ್ಟೆ ಎಂದು ಹುಡುಕುವವರ ನೋಟ ಅದು.

ಮಧ್ಯಾಹ್ನ ಹೆಂಡತಿ ಅನ್ನಕ್ಕಿಡಲು ಡಬ್ಬಕ್ಕೆ ಪಾವು ಹಾಕಿದಳು. ಟಣ್ ಎಂದಿತು. ಬೆರಳ ತುದಿಯಿಂದ ಅಕ್ಕಿ ಸರಿಸಿ ನೋಡಿ, ಮುಚ್ಚಳ ಹಾಕಿ, ಹಾಲಿಗೆ ಬಂದು ನನ್ನೆದುರು ಕೂತಳು.

"ನಮ್ಮನೇಲಿ ಹೇರ್ ಡ್ರೈಯರು ಇಲ್ಲ" ಎಂದಳು.

ನಾನು ಓದುತ್ತಿದ್ದ ಪೇಪರನ್ನು ಮಡಿಸಿ ಮತ್ತೆ ಮಡಿಸಿದೆ.

"ನೀವೇ ಹೋಗಿ ಹೇಳ್ತೀರೋ, ನಾನು ಹೇಳ್ಲೋ?"

"ನಾನೇ ಹೇಳ್ತೀನಿ. ಸ್ವಲ್ಪ ಟೈಮು ಕೊಡು."

"ಅವರು ಊರಿಗೆ ಹೋಗೋದ್ರೊಳಗೆ. ಮೊದಲು ಅದನ್ನ ಅಕ್ಕಿಯಿಂದ ತೆಗೀರಿ, ನಾನು ಮುಟ್ಟಲ್ಲ."

ಸತ್ಯಕ್ಕೆ ಗಡುವು ಸಿಕ್ಕಿತೆಂದು ನಾನು ನಿರಾಳವಾದೆ. ಆದರೆ ಮೂರನೆಯ ದಿನ ಶಿರಸ್ತೇದಾರರ ಸೊಸೆ ಫೋನು ಮಾಡಿದಳು: ಅವಳದು ಕೆಟ್ಟಿದೆ, ಸಂಜೆ ಎಲ್ಲೋ ಹೋಗುವುದಿದೆ, ನಮ್ಮ ಹೇರ್ ಡ್ರೈಯರು ಸ್ವಲ್ಪ ಕೊಡಬಹುದೇ? ಅದು ಪರೀಕ್ಷೆಯೋ ನಿಜವಾದ ಅಗತ್ಯವೋ ನನಗೆ ಇಂದಿಗೂ ಗೊತ್ತಿಲ್ಲ. ಆಫೀಸಿನಿಂದ ನೇರ ಅಂಗಡಿಗೆ ಓಡಿದೆ. ಅಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಕುತ್ತಿಗೆ ಬಿಸಿಯಾಗುತ್ತದೆ. ಸಾಕ್ಷ್ಯ ಸೃಷ್ಟಿಸಲು ಹೋದ ಅಪರಾಧಿ ಸಿಕ್ಕಿದ್ದನ್ನು ಎತ್ತಿಕೊಂಡು ಬರುತ್ತಾನೆ. ನಾನು ಕಪಾಟಿನ ಮುಂದೆ ನಿಂತು ಮೂರು ಹೇರ್ ಡ್ರೈಯರುಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ತೂಗಿದೆ. ಒಂದಕ್ಕೆ ಮೂತಿ ಭಾರ. ಒಂದರ ಹಿಡಿ ಕೈಗೆ ಚೆನ್ನಾಗಿ ಕೂತಿತು, ಆದರೆ ಬಣ್ಣ ಗುಲಾಬಿ. ಮೂರನೆಯದು ಕರಿಯದು, ಕೊಳವೆ ಗಿಡ್ಡ, ಸ್ವಿಚ್ಚು ಹೆಬ್ಬೆರಳಿಗೆ ಸರಿಯಾಗಿ ಸಿಗುವಂಥದು. ಅದನ್ನೇ ಕೊಂಡೆ. ಹೊಸತೆಂದು ತಿಳಿಯದಿರಲಿ ಎಂದು ಕಾರಿನಲ್ಲಿ ಕೂತು ಅದರ ವೈರನ್ನು ತಿರುಚಿ ತಿರುಚಿ ಹಳೆಯದು ಮಾಡಿದೆ.

ಅದನ್ನು ಆ ಸೊಸೆಗೆ ನಾನೇ ಒಯ್ದು ಕೊಟ್ಟೆ, ನನ್ನ ಹೆಂಡತಿ ಮುಟ್ಟಲಿಲ್ಲ. ಮರುದಿನ ತಲೆಗೆ ಸ್ನಾನ ಮಾಡಿ, ಇಡೀ ಕಾಂಪ್ಲೆಕ್ಸಿಗೆ ಕಾಣುವ ಹಾಗೆ ಹೊರಗೆ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಕೂದಲು ಒಣಗಿಸಿದಳು.

ನನ್ನ ಸುಳ್ಳು ಮಾತ್ರ ಚೆನ್ನಾಗಿ ಬೆಳೆಯಿತು. ಮಗ ತಂದೆಯ ವಾಕಿಂಗು ನಿಲ್ಲಿಸಿದ. ಆಫೀಸಿಗೆ ಹೋಗುವಾಗ ಬಾಗಿಲ ಸರಪಳಿ ಹಾಕಿಕೊಳ್ಳಬೇಕೆಂದು ತನ್ನ ಹೆಂಡತಿಗೆ ಹೇಳಿಹೋಗುತ್ತಿದ್ದ. ಡಾಕ್ಟರ ಬಳಿ ಕರೆದುಕೊಂಡು ಹೋದ. ಅಲ್ಲಿ ಈ ದೇಶದ ಅಧ್ಯಕ್ಷ ಯಾರು, ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದೆಲ್ಲ ಕೇಳಿದರಂತೆ. ಶಿರಸ್ತೇದಾರರು ಏಳೇಳು ಕಳೆದು ಎರಡಕ್ಕೆ ಬಂದು ನಿಂತು, "ಇನ್ನು ಕಳೀಲಿಕ್ಕೆ ಸಾಲ ತರ್ಬೇಕಾ?" ಎಂದು ಕೇಳಿದರಂತೆ. ಲೆಕ್ಕ ಸರಿಯಾಗಿತ್ತು. ಆದರೂ ಡಾಕ್ಟರು, ವಯಸ್ಸಾದವರಲ್ಲಿ ಈ ಭ್ರಮೆ ಬಂದು ಬಂದು ಹೋಗುತ್ತದೆ, ಹೊಸ ಜಾಗದಲ್ಲಿ ಹೆಚ್ಚಾಗುತ್ತದೆ ಎಂದರಂತೆ. ಮಗ ತಿರುಗಿ ಹೋಗುವ ಟಿಕೆಟ್ಟನ್ನು ಎರಡು ತಿಂಗಳು ಮುಂಚಿತವಾಗಿ ಮಾಡಿಸಿದ.

ಈ ನಡುವೆ ಒಂದು ಪಾಟ್‌ಲಕ್ಕು. ಕಥೆ ಎಲ್ಲರಿಗೂ ತಲುಪಿತ್ತು. ಇಡ್ಲಿ ಸ್ಟ್ಯಾಂಡಿನ ಎಂಜಿನಿಯರು ಶಿರಸ್ತೇದಾರರ ಪಕ್ಕ ಕೂತು, "ಏನ್ ಸಾರ್, ಹೇರ್ ಡ್ರೈಯರು ಎಷ್ಟು ರೌಂಡು ಹೊಡೀತು?" ಎಂದ. ಕೆಡುಕಿನ ಹುಡುಗನಲ್ಲ ಅವನು. ಬಿಸಿಗಾಳಿಯ ಶಬ್ದವನ್ನೂ ಮಾಡಿ ತೋರಿಸಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಅನುಮಾನ ಬರುತ್ತಿತ್ತಲ್ಲ! ಶಿರಸ್ತೇದಾರರು ತಟ್ಟೆಯಲ್ಲಿದ್ದ ಚಿತ್ರಾನ್ನದಿಂದ ಕಡಲೇಬೀಜಗಳನ್ನು ಆರಿಸಿ ಆರಿಸಿ ಒಂದು ಬದಿಗೆ ಸಾಲಾಗಿ ಇಡುತ್ತಿದ್ದರು. ರೈಲಿನ ವರದಿ ಯಾರೂ ಕೇಳಲಿಲ್ಲ, ಅವರ ಬಳಿ ಇರಲೂ ಇಲ್ಲ. ನನ್ನ ಪಕ್ಕದಲ್ಲಿದ್ದ ಹೆಂಡತಿ ಎದ್ದು ಹೋಗಿ ಕಾರಿನಲ್ಲಿ ಕೂತಳು.

ಅವರು ಹೊರಡಲು ಹತ್ತು ದಿನವಿರುವಾಗ, ಪ್ರಯಾಣಕ್ಕೆಂದು ಹೆಂಡತಿ ಕರಿದ ಚಕ್ಕುಲಿ ಹಿಡಿದು ಇಬ್ಬರೂ ಅವರ ಮನೆಗೆ ಹೋದೆವು. ದಾರಿಯಲ್ಲಿ ಅವಳು ಒಂದೇ ಮಾತು ಹೇಳಿದಳು: "ಇವತ್ತು." ಶಿರಸ್ತೇದಾರರು ಸೋಫಾದ ಅಂಚಿನಲ್ಲಿ, ಬಸ್ಸಿಗೆ ಕಾಯುವವರ ಹಾಗೆ ಕೂತಿದ್ದರು. ಹೇಗಿದ್ದೀರಿ ಎಂದು ಕೇಳಿದರೆ ಮಗನೇ ಉತ್ತರ ಕೊಟ್ಟ: "ಅಪ್ಪ ಈಗ ಪರ್ವಾಗಿಲ್ಲ. ರೆಸ್ಟು ಬೇಕು ಅಷ್ಟೆ. ಊರಲ್ಲಿ ಎಲ್ಲ ಗೊತ್ತಿದ್ದದ್ದೇ ಅಲ್ವಾ, ಸರಿ ಆಗ್ತದೆ."

ಶಿರಸ್ತೇದಾರರು ನನ್ನ ಕಡೆ ತಿರುಗಿದರು. ಎಡಗಿವಿಯನ್ನು ಮುಂದಕ್ಕೆ ತಂದು ಮೆಲ್ಲಗೆ ಹೇಳಿದರು:

"ನಿಮ್ಮ ಹತ್ತಿರ ಒಂದು ಮಾತು ಹೇಳ್ಲಿಕ್ಕುಂಟು. ಆ ದಿನ ಎಲ್ಲರ ಎದುರು ನಿಮ್ಮ ಮೇಲೆ ಆರೋಪ ಮಾಡಿದೆ. ತಪ್ಪಾಯ್ತು. ಮೂವತ್ತು ವರ್ಷ ಕೋರ್ಟಲ್ಲಿ ಸಾಕ್ಷಿಗಳು ತಿರುಗಿ ಬೀಳುದನ್ನು ನೋಡಿದ್ದೇನೆ. ದುಡ್ಡಿಗೆ ಬೀಳ್ತಾರೆ, ಹೆದರಿಕೆಗೆ ಬೀಳ್ತಾರೆ. ನನ್ನ ಕಣ್ಣೇ ನನಗೆ ತಿರುಗಿ ಬೀಳ್ತದೆ ಅಂತ ಗೊತ್ತಿರ್ಲಿಲ್ಲ. ಹೇರ್ ಡ್ರೈಯರೇ ಇರ್ಬೇಕು."

ನನ್ನಿಂದ ಕ್ಷಮೆ ಕೇಳಬೇಕಾದವರೇ ನನ್ನ ಕ್ಷಮೆ ಕೇಳುತ್ತಿದ್ದಾರೆ ಎಂದು ಬರೆಯಹೊರಟು ಈಗಷ್ಟೇ ಹೊಡೆದು ಹಾಕಿದೆ, ವಾಕ್ಯ ತಲೆಕೆಳಗಾಗಿತ್ತು. ಅವರು ಏನನ್ನೂ ಕೇಳಬೇಕಾದವರಲ್ಲ. ಆ ಸೋಫಾದ ಮೇಲೆ ಅವರು ತಮ್ಮ ತಲೆಯನ್ನೇ ನನಗೆ ಒಪ್ಪಿಸುತ್ತಿದ್ದರು, ಅಷ್ಟೆ.

"ಅದು ಪಿಸ್ತೂಲೇ" ಎಂದೆ.

ಸೊಸೆಯ ಕೈಯಲ್ಲಿ ಕಾಫಿ ತಟ್ಟೆಯಿತ್ತು. ಅದು ಹಾಗೇ ನಿಂತಿತು.

"ಮತ್ತೆ ಹೇರ್ ಡ್ರೈಯರು?" ಎಂದ ಮಗ.

"ಆಮೇಲೆ ಕೊಂಡದ್ದು."

"ಆಮೇಲೆ ಕೊಂಡದ್ದು!" ಅವನು ಎದ್ದು ನಿಂತ. "ಡಾಕ್ಟ್ರ ಹತ್ರ ಕರ್ಕೊಂಡು ಹೋದೆ ನಾನು ಇವರನ್ನ. ನಮ್ಮಪ್ಪನಿಗೆ ಮರುಳು ಅಂತ ಊರಿಗೆಲ್ಲ ಫೋನು ಮಾಡಿದ್ದೇನೆ. ನೀವು ಅಲ್ಲಿ ಕೂತು ನಗಾಡಿದ್ರಿ ಕೂಡ. ನಗಾಡಿದ್ರಿ ಅಲ್ವಾ?"

"ನಕ್ಕೆ."

"ಎಂತ ಜನ ಮಾರಾಯ್ರೆ ನೀವು!"

ಅಷ್ಟರಲ್ಲಿ ಶಿರಸ್ತೇದಾರರು ಎದ್ದರು. ನನ್ನನ್ನು ಬೈಯುತ್ತಾರೆ ಎಂದುಕೊಂಡೆ. ಬೈದರೆ ಒಳ್ಳೆಯದೆಂದೂ ಅಂದುಕೊಂಡೆ. ಅವರು ನನ್ನ ಕಡೆ ನೋಡಲೇ ಇಲ್ಲ. ಸೊಸೆಯನ್ನು ಕೇಳಿದರು:

"ನನ್ನ ಚಪ್ಪಲಿ ಎಲ್ಲಿ ಇಟ್ಟಿದ್ದಿ?"

ಅವಳು ಕಪಾಟಿನ ಮೇಲಿನಿಂದ ಇಳಿಸಿ ಕೊಟ್ಟಳು. ಅವರಿಗೆ ಸಿಗದಿರಲಿ ಎಂದು ಅಷ್ಟು ಮೇಲೆ ಇಟ್ಟಿದ್ದರು. "ನಾನೂ ಬರ್ತೇನೆ ಅಪ್ಪ" ಎಂದ ಮಗ. "ಬೇಡ" ಎಂದರು. ಬಾಗಿಲ ಸರಪಳಿಯನ್ನು ತಾವೇ ತೆಗೆದು, ತೋರಣದ ಕೆಳಗೆ ತಲೆ ಬಾಗಿಸಿ ಹೊರಟುಹೋದರು. ಸಂಜೆ ಐದೂಕಾಲರ ರೈಲಿಗೆ ಸರಿಯಾದ ಹೊತ್ತು.

ಟಿಕೆಟ್ಟನ್ನು ಮತ್ತೆ ಹಿಂದಕ್ಕೆ ಬದಲಾಯಿಸುವುದು ಆಗಲಿಲ್ಲ. ಅವರಿಗೆ ಉಳಿದದ್ದು ಒಂಬತ್ತು ಬೆಳಗು. ಒಂಬತ್ತೂ ದಿನ ಒಬ್ಬರೇ ನಡೆದರು. ಮಗ ನನ್ನೊಡನೆ ಆಮೇಲೆ ಮಾತಾಡಿದ್ದಿಲ್ಲ. ಕೆಲವು ವರ್ಷಗಳ ನಂತರ ಕಿರಾಣಿ ಅಂಗಡಿಯಲ್ಲಿ ಎದುರಾದಾಗ ತೊಗರಿಬೇಳೆಯ ಚೀಲವನ್ನು ಬಹಳ ಗಮನವಿಟ್ಟು ಓದಿದ. ಬಳಗದಲ್ಲಿ ನನ್ನ ಉಪನ್ಯಾಸಗಳಿಗೆ ಬೇಡಿಕೆ ನಿಂತಿತು. ಆ ಬೆಂಗಳೂರಿನ ಎಂಜಿನಿಯರು ಕೂಡ ನನ್ನ ಮೇಲೆ ಒಂದು ಜೋಕನ್ನೂ ಮಾಡಲಿಲ್ಲ. ಆತ ಜೋಕು ಮಾಡದೆ ಬಿಟ್ಟದ್ದು ಎಷ್ಟು ದೊಡ್ಡ ಶಿಕ್ಷೆಯೆಂದು ಅವನಿಗೆ ಗೊತ್ತಿರಲಾರದು.

ಮೂರು ಜನರನ್ನೂ ಕೊಂಡ ಅಂಗಡಿಗೇ ಒಪ್ಪಿಸಿದೆ. ಅಂಗಡಿಯವನು ಮೂರರಲ್ಲಿ ಯಾವುದು ಇಷ್ಟವಾಯಿತೆಂದು ಕೇಳಿದ. ಇಟಲಿಯದು ಎಂದೆ. ಅದರ ಚಿಲಕ ತಲೆಕೆಳಗು, ಬಹಳ ಜನ ದೂರುತ್ತಾರೆ ಎಂದ. ನಾನು ಮನೆಗೆ ಬಂದು ನೋಟ್‌ಬುಕ್ಕು ತೆಗೆದು, ಕಳೆದಿದ್ದ ನಾಲ್ಕು ಅಂಕವನ್ನು ಮತ್ತೆ ಸೇರಿಸಿದೆ. ಕಾರಣದ ಜಾಗ ಖಾಲಿ ಬಿಟ್ಟೆ. ತೀರ್ಪು ಇಷ್ಟೇ: ಮೂರರಲ್ಲಿ ಇಟಲಿಯದೇ ಮೇಲು. ಯಜಮಾನನಿಗೆ ಮಾತ್ರ ಅಂಕ ಹಾಕಿಲ್ಲ.

ಅವರು ನಡೆದ ಆ ಒಂಬತ್ತರಲ್ಲಿ ಕೊನೆಯ ಬೆಳಿಗ್ಗೆ ನಮ್ಮ ಬಾಗಿಲು ತೆರೆದೇ ಇತ್ತು. ಶಿರಸ್ತೇದಾರರು ಹೊಸ್ತಿಲಾಚೆ ನಿಂತು, ತೆರೆದ ಬಾಗಿಲನ್ನು ಬೆರಳಿನಿಂದ ಎರಡು ಸಲ ತಟ್ಟಿದರು.

"ಇದು ನಮ್ಮ ಮನೆ ಅಲ್ಲ, ಗೊತ್ತುಂಟು" ಎಂದರು. "ಸ್ವಲ್ಪ ನೀರು ಸಿಗ್ಬಹುದಾ?"

ಅದೇ ಚೊಂಬಿನಲ್ಲಿ ಕೊಟ್ಟೆ. ನಿಂತುಕೊಂಡೇ, ಎತ್ತಿ, ತುಟಿಗೆ ತಾಗಿಸದೆ ಕುಡಿದರು. ಬಾಯಿ ಒರೆಸಿಕೊಂಡು ಕೇಳಿದರು:

"ಒಂದು ಪ್ರಶ್ನೆ. ಕೋರ್ಟಲ್ಲಿ ಬೇಕಾದಷ್ಟು ಪಿಸ್ತೂಲಿಗೆ ಚೀಟಿ ಅಂಟಿಸಿದವ ನಾನು, ಹಾಗಾಗಿ ಕೇಳ್ತೇನೆ. ಆ ದಿನ ಸೇಫ್ಟಿ ಹಾಕಿತ್ತಾ?"

"ಹಾಕಿತ್ತು" ಎಂದೆ.

ಅವರ ಮುಖ ಸಡಿಲವಾಯಿತು. "ಹಾಗಾದ್ರೆ ಹೆದರಿಸ್ಲಿಕ್ಕೆ ಮಾತ್ರ. ನಾನೂ ಹಾಗೇ ಅಂದುಕೊಂಡೆ. ಆಯುಧ ಇಟ್ಟವನಿಗೆ ಅಷ್ಟು ಜವಾಬ್ದಾರಿ ಬೇಕು. ಸುಳ್ಳು ಹೇಳಿದ್ರಿ, ಅದು ಬೇರೆ ವಿಷಯ." ಎಂದು ನನ್ನ ಭುಜ ತಟ್ಟಿದರು.

ನಾನು ಹೇಳಿದ್ದು ನಿಜ. ಪ್ರಮಾಣ ಮಾಡಿಸಿ ಕೇಳಿದರೂ ನಿಲ್ಲುವ ನಿಜ. ಸೇಫ್ಟಿ ಹಾಕಿತ್ತು. ಅದನ್ನು ಹಾಕಿದ ಹೆಬ್ಬೆರಳು ಏನು ಮಾಡುತ್ತೇನೆಂದುಕೊಂಡು ಹಾಕಿತು, ಅದರ ಹಿಂದೆಯೇ ಇನ್ನೊಂದು ಬೆರಳು ಏನು ಮಾಡಿತು ಎಂಬುದು ಮುಂದಿನ ಪ್ರಶ್ನೆ. ಮೂವತ್ತು ವರ್ಷ ಸಾಕ್ಷಿಗಳ ಮಾತು ಕೇಳಿದ ಮನುಷ್ಯ ಅದನ್ನು ಕೇಳಿಯೇ ಕೇಳುತ್ತಿದ್ದರೇನೋ. ಕೇಳುವ ಮೊದಲು ನಾನು ಅವರ ಕೈಯಿಂದ ಚೊಂಬು ಇಸಿದುಕೊಂಡು, "ಇನ್ನೂ ಸ್ವಲ್ಪ ನೀರು ತರ್ಲಾ?" ಎಂದು ಒಳಗೆ ಹೋದೆ.